ಗುಂಯ್ ಸದ್ದಿನ ವಿಳಾಸ

ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನ ವೈರ್‌ಲೆಸ್‌ನಲ್ಲಿ ಮೂರು ದಿನಗಳಿಂದ ಗುಂಯ್ ಎಂಬ ಸದ್ದೊಂದು ಹೊಕ್ಕು ಕುಳಿತಿತ್ತು. ಬೆಳಿಗ್ಗೆ ಎಂಟಕ್ಕೆ ಬಂದು ಮಧ್ಯಾಹ್ನ ಎರಡಕ್ಕೆ ಹೋಗುತ್ತಿತ್ತು. ಕಚೇರಿಯಲ್ಲಿ ಯಾರಿಗೂ ಇಲ್ಲದ ಸಮಯಪಾಲನೆ ಅದಕ್ಕಿತ್ತು. ಆ ಹೊತ್ತಿನಲ್ಲಿ ಮೈಕಿನ ಮುಂದೆ ಕೂರುವವಳು, ಕಂಚಿನ ಕಂಠದಿಂದಾಗಿ ಚಾಲಕರೆಲ್ಲ ‘ಗಂಟೆಯಕ್ಕ’ ಎಂದು ಕರೆಯುತ್ತಿದ್ದ ಹೆಂಗಸು. ಹೀಗಾಗಿ ಅವಳ ತಲೆಯ ಮೇಲೆ ಗೂಬೆ ಕೂರಿಸುವುದು ಸುಲಭವಾಯಿತು.

“ಮೈಕಿನ ಗುಂಡಿ ಒತ್ತಿಟ್ಕೊಂಡೇ ಕೂತಿರ್ತಾರೆ, ಇನ್ನೇನು,” ಎಂದರು ಮೇಲ್ವಿಚಾರಕರು, ಸದ್ದಿನ ಮೂಲ ಹುಡುಕಲು ಬಂದಿದ್ದ ವೈರ್‌ಲೆಸ್ ತಪಾಸಕಿಗೆ. “ಮಧ್ಯಾಹ್ನ ಎರಡರೊಳಗೆ ಬೇರೆ ಕಾರಣ ತೋರ್ಸಿ. ಇಲ್ಲಾಂದ್ರೆ ನಾಳೆಯಿಂದ ಇವರಿಗೆ ಫೈಲ್ ಕೋಣೆ.”

“ಫೈಲು ತಿರುಗಿ ಮಾತಾಡಲ್ಲ ಸಾರ್, ಅದೊಂದೇ ಬೇಜಾರು,” ಎಂದು ಗಂಟೆಯಕ್ಕ ನಕ್ಕಳು. ಆದರೆ ಅವಳ ಬೆರಳುಗಳು ಮೈಕಿನ ಕತ್ತನ್ನು ಬಿಗಿಯಾಗಿ ಹಿಡಿದಿದ್ದವು. ತಪಾಸಕಿ ಅದನ್ನು ಗಮನಿಸಿದಳು.

ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ತಪಾಸಕಿ ಪೆನ್ಸಿಲನ್ನು ಎರಡು ಕಡೆ ಕೆತ್ತಿಟ್ಟುಕೊಳ್ಳುವ ಜಾತಿಯವಳು. ವ್ಯಾನನ್ನು ಮೂರು ಕಡೆ ನಿಲ್ಲಿಸಿ, ಮೀನಿನ ಮುಳ್ಳಿನಂಥ ಆಂಟೆನಾವನ್ನು ನಿಧಾನವಾಗಿ ತಿರುಗಿಸಿ, ಸದ್ದು ಜೋರಾಗಿದ್ದ ದಿಕ್ಕಿಗೆ ನಕ್ಷೆಯ ಮೇಲೆ ಗೆರೆ ಎಳೆದಳು. ಮೂರೂ ಗೆರೆಗಳು ಸೇರಿ, ಕಚೇರಿಯಿಂದ ನಾಲ್ಕು ಬೀದಿಯಾಚೆ ಅಂಗೈಯಗಲದ ತ್ರಿಕೋನವಾಯಿತು.

“ಇದರೊಳಗೆ ನಲವತ್ತು ಮನೆ ಇದೆ ಕಣಮ್ಮ,” ಎಂದ ವ್ಯಾನಿನ ಡ್ರೈವರಣ್ಣ. “ಒಂದೊಂದು ಮನೇಲಿ ನೀರು ಕುಡಿದ್ರೂ ಎರಡು ಗಂಟೆ ಹೊಡೆಯುತ್ತೆ.”

ಆ ಬೀದಿಗೆ ಬಂದಾಗ ಇನ್ನೊಂದು ತೊಡಕು. ಮೂಲ ತೀರಾ ಹತ್ತಿರವಿದ್ದುದರಿಂದ ಆಂಟೆನಾ ಎತ್ತ ತಿರುಗಿದರೂ ಕೈರೇಡಿಯೋದ ಸಿಗ್ನಲ್ ಮುಳ್ಳು ಮಾಪಕದ ಕೊನೆಗೇ ಅಂಟಿಕೊಂಡಿತು. ತಪಾಸಕಿ ಆಂಟೆನಾ ಕೆಳಗಿಟ್ಟು, ಕೈರೇಡಿಯೋವನ್ನು ಎದೆಗವಚಿಕೊಂಡು, ನಿಂತಲ್ಲೇ ಸುತ್ತತೊಡಗಿದಳು.

“ಅಯ್ಯೋ, ತಲೆ ಸುತ್ತಿ ಬಿದ್ದೀಯಾ ತಾಯಿ.”

“ಮೈ ಅಡ್ಡ ಬಂದ್ರೆ ಸಿಗ್ನಲ್ ಕಮ್ಮಿ ಆಗುತ್ತೆ ಅಣ್ಣ. ಎಲ್ಲಿ ತೀರಾ ಕಮ್ಮಿಯೋ, ಅದು ನನ್ನ ಬೆನ್ನ ಹಿಂದಿದೆ ಅಂತ ಲೆಕ್ಕ.”

“ಸರಿ ಹೋಯ್ತು. ಹುಡುಕೋದಕ್ಕೆ ಬಂದು ಬೆನ್ನು ತಿರುಗಿಸೋದು.”

ಐದು ಕಡೆ ಸುತ್ತಿದ ಮೇಲೆ ಅವಳ ಬೆನ್ನು ಹಸಿರು ಬಾಗಿಲಿನ ಮನೆಯೊಂದಕ್ಕೆ ನೆಟ್ಟಿತು. ಗಂಟೆ ಒಂದೂವರೆ. ಬಾಗಿಲು ತಟ್ಟಿದರೆ, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ ಮುದುಕರೊಬ್ಬರು ತೆರೆದರು.

“ವೈರ್‌ಲೆಸ್ ಆಫೀಸಿನವರಾ? ಬನ್ನಿ ಬನ್ನಿ. ನಾನೇ ದೂರು ಕೊಡಬೇಕು ಅಂತಿದ್ದೆ. ಮೂರು ದಿನದಿಂದ ಗುಂಯ್ ಅಂತಿದೆ, ಒಂದು ಮಾತು ನೆಟ್ಟಗೆ ಕೇಳ್ಸಲ್ಲ.”

ಒಳಗೆ ಮೇಜಿನ ಮೇಲೆ ಹಳೆಯ ರೇಡಿಯೋ ಪೆಟ್ಟಿಗೆ. ಅದರೊಳಗೆ ಗುಂಯ್ ಸದ್ದಿನಡಿ ಮುಳುಗಿದ ಗಂಟೆಯಕ್ಕನ ದನಿ.

“ನನ್ನ ಮಗಳು,” ಎಂದರು ಮುದುಕರು. “ಎಂಟಕ್ಕೆ ಡ್ಯೂಟಿ ಹತ್ತುತ್ತಾಳೆ, ನಾನೂ ಇಲ್ಲಿ ಕೂತ್ಕೋತೀನಿ, ಎರಡಕ್ಕೆ ಅವಳು ಇಳಿದ್ಮೇಲೆ ಎಲ್ಲ ಆಫ್ ಮಾಡ್ತೀನಿ. ಅವಳಿಗೆ ಗೊತ್ತಿಲ್ಲ. ದನಿ ಇನ್ನೂ ಚೆನ್ನಾಗಿ ಬರಲಿ ಅಂತ ಮೊನ್ನೆ ಮಾಳಿಗೆ ಮೇಲೆ ಬೂಸ್ಟರ್ ಹಾಕ್ದೆ, ಸ್ವಂತ ಕೈಯಲ್ಲಿ. ಆವತ್ತಿಂದಲೇ ಈ ಪೀಡೆ ಶುರು. ನಾನೂ ಬಿಡ್ಲಿಲ್ಲ, ಬೂಸ್ಟರ್‌ನ ಇನ್ನಷ್ಟು ಏರಿಸ್ದೆ.”

ಡ್ರೈವರಣ್ಣ ಕೆಮ್ಮುತ್ತ ಗೋಡೆಯತ್ತ ತಿರುಗಿದ. ತಪಾಸಕಿ ತಗ್ಗಿದ ದನಿಯಲ್ಲಿ ವಿವರಿಸಿದಳು. ಸ್ಪೀಕರಿನ ಮುಂದೆ ಹಿಡಿದ ಮೈಕು ಕಿರುಚುವಂತೆ, ಆ ಬೂಸ್ಟರ್ ತನ್ನ ಸದ್ದನ್ನೇ ತಾನು ನುಂಗಿ ಊರಿಗೆಲ್ಲ ಕೂಗುತ್ತಿತ್ತು.

“ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದೀನಮ್ಮ,” ಎಂದರು ಮುದುಕರು ಬಿಗುವಾಗಿ.

“ತಪ್ಪು ಅವರದೇ ಅಂತ ನಿಮ್ಮ ಮಗಳನ್ನ ನಾಳೆಯಿಂದ ಮೈಕಿಂದ ಎಬ್ಬಿಸ್ತಿದಾರೆ, ತಾತ. ಎರಡು ಗಂಟೆವರೆಗೆ ಮಾತ್ರ ಗಡುವು.”

ಮುದುಕರು ಬಗ್ಗಿ ಬೂಸ್ಟರಿನ ಪ್ಲಗ್ ಕಿತ್ತರು. ಕೈರೇಡಿಯೋದ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿತ್ತು. ತಪಾಸಕಿ ವರದಿ ಮಾಡಲು ಅದನ್ನು ಎತ್ತಿದಳು.

“ಮೂಲ ಸಿಕ್ಕಿದೆ. ಮನೆಯೊಂದರ ಬೂಸ್ಟರ್. ಕಂಟ್ರೋಲ್ ರೂಮಿನ ಮೈಕಿಗೂ ಇದಕ್ಕೂ ಸಂಬಂಧ ಇಲ್ಲ.”

“ಯಾರ ಮನೆ?” ಮೇಲ್ವಿಚಾರಕರ ದನಿ.

ಅವಳು ತಡವರಿಸುವಷ್ಟರಲ್ಲಿ ಮುದುಕರು ಕೈಚಾಚಿ ರೇಡಿಯೋ ತೆಗೆದುಕೊಂಡರು. “ನನ್ನದು ಸ್ವಾಮಿ. ಹುಡುಗಿದೇನೂ ತಪ್ಪಿಲ್ಲ. ನಾನು ಅವರಪ್ಪ.”

ಕೂಡಲೇ ಯಾವುದೋ ಆಂಬ್ಯುಲೆನ್ಸಿನಿಂದ ಒಬ್ಬ, “ನಮಸ್ಕಾರ ದೊಡ್ಡಪ್ಪ” ಎಂದ. ಇನ್ನೊಂದರಿಂದ ನಗು ಕೇಳಿಸಿತು.

“ಎಲ್ಲ ಗಾಡಿಗಳಿಗೆ,” ಎಂದಳು ಗಂಟೆಯಕ್ಕ, ಅಕ್ಷರ ಅಕ್ಷರವೂ ಗಂಟೆ ಬಡಿದಂತೆ. “ಈ ಚಾನೆಲ್ ತುರ್ತು ಕೆಲಸಕ್ಕೆ ಮಾತ್ರ. ಹಸಿರು ಬಾಗಿಲಿನ ಮನೆಯವರ ಹತ್ರ ನಾನು ಸಂಜೆ ಮಾತಾಡ್ತೀನಿ. ಓವರ್.”

ಮುದುಕರು ರೇಡಿಯೋವನ್ನು ತಪಾಸಕಿಗೆ ಮರಳಿಸಿದರು.

“ಬೈಗುಳ ಗ್ಯಾರಂಟಿ,” ಎಂದರು ಮುಖ ಅರಳಿಸಿಕೊಂಡು. “ಆದ್ರೆ ಬೂಸ್ಟರ್ ಇಲ್ದೆನೇ ಎಷ್ಟು ಚೆನ್ನಾಗಿ ಕೇಳಿಸ್ತು ನೋಡಿದ್ರಾ.”