ಬಾಯಿಗೆ ಹಾಕದೆ ಕೊಡದ ತಿಮ್ಮರಾಯಪ್ಪ

ತಿಮ್ಮರಾಯಪ್ಪ ತಾನು ತಿಂದು ನೋಡದ ಧಾನ್ಯವನ್ನು ಇನ್ನೊಬ್ಬರ ಚೀಲಕ್ಕೆ ಸುರಿದವನಲ್ಲ. ಮೂಟೆ ಬಿಚ್ಚಿದ ಕೂಡಲೇ ಮೊಣಕೈವರೆಗೆ ತೋಳು ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಹಸಿ ಕಾಳನ್ನೇ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಎಮ್ಮೆ ಮೆಲುಕು ಹಾಕುವಷ್ಟು ನಿಧಾನವಾಗಿ ಅಗಿಯುತ್ತಿದ್ದ. ಅಕ್ಕಿಯಾಗಲಿ, ರಾಗಿಯಾಗಲಿ, ಅಮೆರಿಕದಿಂದ ಬಂದ ಕೆಂಪು ಜೋಳವಾಗಲಿ, ಅವನು ನುಂಗಿ ತಲೆಯಾಡಿಸುವ ತನಕ ಅಳೆಯುವ ಪಾವು ಮೂಟೆಯೊಳಗೆ ಇಳಿಯುವಂತಿರಲಿಲ್ಲ. ಹೊರಗೆ ಸಾಲು ನಿಂತ ಹೆಂಗಸರು ಕಾದು ಕಾದು, ಬಡವರ ಪಾಲಿನ ಕಾಳು ಮೇಯಲಿಕ್ಕೇ ಈ ಮುದುಕ ಬರುತ್ತಾನೆಂದು ಅವನಿಗೆ ಕೇಳಿಸುವಂತೆಯೇ ಅನ್ನುತ್ತಿದ್ದರು. ಅವನು ಅದಕ್ಕೂ ತಲೆಯಾಡಿಸುತ್ತಿದ್ದ.

ಇದು ಸಾವಿರದ ಒಂಬೈನೂರ ಅರವತ್ತಾರರ ಮಾತು. ಜಯನಗರದ ಹೊಸ ಮನೆಗಳಿಗೆ ಕಲ್ಲು ಹೊತ್ತವರು ಸಿದ್ದಾಪುರದ ಗುಡಿಸಲುಗಳಲ್ಲಿದ್ದರು. ಗುಡಿಸಲಿಗೆ ನಂಬರಿಲ್ಲ, ಆದ್ದರಿಂದ ಅವರಿಗೆ ರೇಷನ್ ಕಾರ್ಡೂ ಇಲ್ಲ. ಅವರಿಗಾಗಿ ನಾವು ನಾಲ್ಕಾರು ಮಂದಿ ಸೇರಿ ಒಂದು ತಗಡಿನ ಶೆಡ್ಡಿನಲ್ಲಿ ಧಾನ್ಯಭಂಡಾರ ನಡೆಸುತ್ತಿದ್ದೆವು. ಪ್ರಧಾನಿಯ ಕರೆಗೆ ಓಗೊಟ್ಟು ಸೋಮವಾರದ ರಾತ್ರಿಯೂಟ ಬಿಟ್ಟವರು ಉಳಿಸಿದ್ದು, ದಿನಕ್ಕೊಂದು ಹಿಡಿಯಂತೆ ಗಡಿಗೆಯಲ್ಲಿ ಎತ್ತಿಟ್ಟವರ ಅಕ್ಕಿ, ಎಲ್ಲವೂ ಗುರುವಾರ ಅಲ್ಲಿಗೆ ಬರುತ್ತಿತ್ತು. ಮೂರನೇ ತರಗತಿಗೆ ಶಾಲೆ ಬಿಟ್ಟು, ಪೊಟ್ಟಣ ಕಟ್ಟಿದ ಕಾಗದ ಓದಿ ಓದಿ ವಿದ್ಯೆ ಸಂಪಾದಿಸಿದ ನನ್ನನ್ನು ಅದಕ್ಕೆ ಕಾರ್ಯದರ್ಶಿ ಮಾಡಿದ್ದರು. ಆ ಪದವಿಯ ಬಿಂಕ ನನಗೆ ಸಾಕಷ್ಟಿತ್ತು.

ತಿಮ್ಮರಾಯಪ್ಪನಿಗೆ ಯಾವ ಪದವಿಯೂ ಇರಲಿಲ್ಲ. ಸಾರಕ್ಕಿಯಿಂದ ನಡೆದು ಬರುತ್ತಿದ್ದ. ಎಡಗಾಲು ತುಸು ಗಿಡ್ಡ. ಒಂದು ಕಾಲನ್ನು ನೇಗಿಲ ಸಾಲಿನಲ್ಲೂ ಇನ್ನೊಂದನ್ನು ಬದುವಿನ ಮೇಲೂ ಇಟ್ಟವನ ಹಾಗೆ, ಸಮತಟ್ಟಾದ ಡಾಂಬರು ರಸ್ತೆಯಲ್ಲೂ ಏರಿಳಿಯುತ್ತ ಸಾಗುತ್ತಿದ್ದ. ರೈಲ್ವೆಯವರೊಬ್ಬರು ಕೊಟ್ಟ ಕರಿಯ ಕೋಟನ್ನು ಬೇಸಗೆಯಲ್ಲೂ ಬಿಚ್ಚುತ್ತಿರಲಿಲ್ಲ. ಗುಂಡಿಗಳೆಲ್ಲ ಉದುರಿ, ಗೋಣಿ ಹುರಿಯಿಂದ ಬಿಗಿದುಕೊಂಡಿರುತ್ತಿದ್ದ. ಹೊಗಳಿದರೂ ಬೈದರೂ ಅವನ ಬಾಯಲ್ಲಿ ಮೊದಲು ಬರುವ ಮಾತು ‘ಅದಿರ್ಲಿ’. ಒಂದು ಸಲ ನಾನೇ ರೇಗಿ, ಇದು ಭಂಡಾರವೋ ನಿನ್ನ ಫಲಾರದ ಮನೆಯೋ ಎಂದು ಕೇಳಿದ್ದೆ.

‘ಅದಿರ್ಲಿ ಸ್ವಾಮಿ, ನನ್ ಬಾಯ್ಗೆ ಆಗ್ದೇ ಇರೋದನ್ನ ಅವರ ಬಾಯ್ಗೆ ಹೆಂಗ್ ಸುರೀಲಿ?’

ಹಳೆಯ ಕಾಲದವನ ಮೊಂಡುತನ ಎಂದು ನಾನು ನಕ್ಕಿದ್ದೆ.

ಆ ಗುರುವಾರ ಎಮ್ಮೆ ಈಯಿತೆಂದು ಅವನು ಬರುವುದು ತಡವಾಯಿತು. ಬೆಳಿಗ್ಗೆಯೇ ಹುಳಿಮಾವಿನ ಕಡೆಯ ಎತ್ತಿನ ಗಾಡಿಯೊಂದು ಒಂದು ಮೂಟೆ ರಾಗಿ ಇಳಿಸಿ ಹೋಗಿತ್ತು. ಬಿಚ್ಚಿದೆ, ಕಾಳಿನ ಮೇಲೆಲ್ಲ ಬೂದುಬಣ್ಣದ ಪುಡಿ. ಹುಳ ಬೀಳದಿರಲೆಂದು ರಾಗಿಗೆ ಒಲೆಯ ಬೂದಿ ಬೆರೆಸಿಡುವುದು ನಮ್ಮಜ್ಜನ ಕಾಲದಿಂದ ನಮ್ಮ ಮನೆಯಲ್ಲೂ ಇದ್ದ ಪದ್ಧತಿ. ರಾಗಿಯ ವಿಷಯ ನನಗೆ ಯಾರು ಹೇಳಿಕೊಡಬೇಕು? ಔಷಧಿಯ ವಾಸನೆ ಸ್ವಲ್ಪ ಬಂತು, ನಿಜ. ಆದರೆ ಹಡಗಿನಲ್ಲಿ ಬಂದ ಜೋಳದ ಗೋಣಿಗಳೆಲ್ಲ ಹಾಗೆಯೇ ನಾರುತ್ತಿದ್ದು, ಶೆಡ್ಡಿಗೇ ಆ ವಾಸನೆ ಹತ್ತಿತ್ತು. ಒಬ್ಬೊಬ್ಬರ ಪಾಲನ್ನೂ ಜರಡಿ ಹಿಡಿಯುತ್ತ, ಒಂದು ಗಂಟೆಯಲ್ಲಿ ಏಳು ಮಂದಿಗೆ ಅಳೆದು ಕೊಟ್ಟೆ.

ಎಂಟನೆಯವಳು ಚೀಲ ಒಡ್ಡಿದಾಗ ತಿಮ್ಮರಾಯಪ್ಪ ಬಂದ. ಎಂದಿನಂತೆ ಹಿಡಿ ಎತ್ತಿ ಬಾಯಿಗೆ ಹಾಕಿ, ಎರಡು ಸಲ ಅಗಿದವನು ನನ್ನ ಕಾಲ ಬಳಿಯೇ ಉಗಿದ. ಮತ್ತೆ ಉಗಿದ.

‘ಬಿತ್ತನೆ ರಾಗಿ ಕಣ್ ಸ್ವಾಮಿ ಇದು. ಹುಳ ಸಾಯೋ ಪುಡಿ ಹಾಕವ್ರೆ. ಯಾರ್ಯಾರ್ಗೆ ಕೊಟ್ರಿ?’

ನನಗೆ ಏಳು ಚೀಲಗಳು ನೆನಪಿದ್ದವು. ಒಂದು ಮುಖವೂ ನೆನಪಿಗೆ ಬರಲಿಲ್ಲ. ಸಾಲಿನಲ್ಲಿದ್ದ ಹೆಂಗಸರನ್ನು ಕೇಳಿ ಅವನೇ ಏಳು ಹೆಸರು ಹೊರಡಿಸಿದ. ಆ ಗಿಡ್ಡ ಕಾಲಿನವನು ಓಡಿದ್ದನ್ನು ನಾನು ಅಂದೇ ಕಂಡದ್ದು. ಎರಡು ಕಾಲೂ ಸರಿಯಿದ್ದ ನಾನು ಅವನಿಗಿಂತ ಹಿಂದೆ ಉಳಿದೆ.

ರಾಗಿಯನ್ನು ಬೀಸದೆ ಉಣ್ಣಲಾಗುವುದಿಲ್ಲ ಎಂಬುದೊಂದೇ ನಮ್ಮ ಪುಣ್ಯ. ಆರು ಮಂದಿ ಸಿದ್ದಾಪುರದ ಹಿಟ್ಟಿನ ಗಿರಣಿಯ ಮುಂದೆ ಸರದಿಗೆ ಕೂತಿದ್ದರು. ಅವನು ಚೀಲಗಳನ್ನು ಕಿತ್ತು ಕಿತ್ತು ನನ್ನ ಹೆಗಲಿಗೆ ಹೇರಿದ. ಎಲ್ಲರಿಗಿಂತ ಮೊದಲು ಒಯ್ದಿದ್ದ ಸೊಣ್ಣಮ್ಮ ಮಾತ್ರ ಅಲ್ಲಿರಲಿಲ್ಲ. ಅವಳು ಮನೆಯಲ್ಲೇ ಬೀಸುವವಳು ಎಂದರು.

ನಾವು ಗುಡಿಸಲಿಗೆ ನುಗ್ಗಿದಾಗ ಮುದ್ದೆ ತಟ್ಟೆಗೆ ಬಂದಿತ್ತು. ಎರಡು ದಿನದಿಂದ ಬರೀ ನೀರು ಕುಡಿದಿದ್ದ ಸೊಣ್ಣಮ್ಮನ ಅತ್ತೆ ತುತ್ತು ಮುರಿಯುತ್ತಿದ್ದಳು. ತಿಮ್ಮರಾಯಪ್ಪ ತಟ್ಟೆಯನ್ನೇ ಎಳೆದುಕೊಂಡ. ಸೊಣ್ಣಮ್ಮ ಮುದ್ದೆ ಕೋಲು ತೆಗೆದುಕೊಂಡು ಅವನ ಬೆನ್ನಿಗೆ ಬಾರಿಸಿದಳು. ಉಣ್ಣುವವರ ತಟ್ಟೆಗೆ ಹಾಕಿದ ಕೈ ಸೇದಿಹೋಗಲಿ ಎಂದು ಶಪಿಸಿದಳು. ಅವನು ತಿರುಗಿಯೂ ನೋಡದೆ ಮುದುಕಿಯ ಮುಂದೆ ಕುಕ್ಕರಿಸಿದ.

‘ಎಷ್ಟ್ ನುಂಗ್ದೆ ಅವ್ವ?’

‘ಎಲ್ಡ್ ತುತ್ತು ಕಣಪ್ಪ. ಅದ್ನೂ ವಾಪಸ್ ಕೇಳ್ತೀಯಾ?’

‘ಊಂ. ಅದ್ನೂ ಕೇಳ್ತೀನಿ.’

ಉಪ್ಪು ನೀರು ಕುಡಿಸಿ ಕುಡಿಸಿ ಅವಳಿಂದ ಕಕ್ಕಿಸಿದ. ಎರಡು ದಿನದ ಹಸಿವಿನ ಮೇಲೆ ಬಿದ್ದ ಎರಡು ತುತ್ತು ಮಣ್ಣಿನ ನೆಲಕ್ಕೆ ಬಂದವು. ಮುದುಕಿ ಅದನ್ನೇ ನೋಡುತ್ತ ಕೂತಿದ್ದಳು. ಆ ನೋಟವನ್ನು ಬರೆಯುವಷ್ಟು ವಿದ್ಯೆ ನಾನು ಈವರೆಗೂ ಸಂಪಾದಿಸಿಲ್ಲ. ಜಟಕಾದಲ್ಲಿ ಆಸ್ಪತ್ರೆಗೆ ಒಯ್ದೆವು. ಕೈಕಾಲು ನಡುಗುತ್ತ, ಯಾರನ್ನೂ ಗುರುತಿಸದೆ ಮಲಗಿದ್ದವಳು ಮೂರನೆಯ ದಿನ ಎದ್ದು ಕೂತಳು.

ಆಮೇಲೆ ತಿಳಿಯಿತು: ರಾಗಿ ಕಳಿಸಿದಾತನ ಹೊಲ ಬಡಾವಣೆಗೆ ಹೋಗಿತ್ತು. ಬಿತ್ತಲು ನೆಲವಿಲ್ಲದೆ ಉಳಿದ ಬೀಜವನ್ನು, ಹಸಿದವರಿಗಾದರೂ ಆಗಲೆಂದು, ಮನೆಯವರು ಪುಡಿಯ ಸಂಗತಿ ಮರೆತು ಗಾಡಿಗೇರಿಸಿದ್ದರು. ಕೇಡು ಬಗೆದವರು ಯಾರೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು.

ಆಸ್ಪತ್ರೆಯ ಜಗಲಿಯಲ್ಲಿ ತಿಮ್ಮರಾಯಪ್ಪನ ಪಕ್ಕ ಕೂತು, ಬೂದಿ ಅಂದುಕೊಂಡೆ ಎಂದೆ.

‘ಅದಿರ್ಲಿ. ಕಣ್ಣಿಗೆ ನಂಗೂ ಬೂದಿ ಅಂತಲೇ ಕಾಣ್ತು’ ಎಂದ.

ಅವನು ಬೈದಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆನೇನೋ.

ಕೊಡುವವರನ್ನು ನಾನು ಬಹಳ ಕಂಡಿದ್ದೇನೆ, ನಾನೂ ಅವರಲ್ಲೊಬ್ಬ. ಚೀಲಕ್ಕೆ ಸುರಿದ ಗಳಿಗೆಗೇ ನಮ್ಮ ಕೆಲಸ ಮುಗಿಯುತ್ತದೆ, ಕೈ ಕೊಡವಿಕೊಂಡು ಹಗುರಾಗುತ್ತೇವೆ. ತಿಮ್ಮರಾಯಪ್ಪನಂಥವರಿಗೆ ಅದು ಉಂಡವರ ಹೊಟ್ಟೆಯಲ್ಲಿ ಅರಗುವ ತನಕ ಮುಗಿಯುವುದಿಲ್ಲ. ಇಂಥವರು ಇರುವ ಕಡೆ ಅನಾಹುತವೇ ನಡೆಯದಿರುವುದರಿಂದ, ಅವರು ನಮಗೆ ಬರೀ ಅಡ್ಡಿಯಾಗಿ ಕಾಣುತ್ತಾರೆ. ಅವರು ಒಂದು ದಿನ ತಡವಾಗಿ ಬಂದಾಗಲೇ, ನಮ್ಮ ಕೈ ಏನನ್ನು ಹಂಚುತ್ತಿತ್ತೆಂಬುದು ತಿಳಿಯುವುದು.