ಅಡಿಟಿಪ್ಪಣಿ ಇಲ್ಲದ ವಾಕ್ಯ

ತರಗತಿಯ ಕೈಗಳೆಲ್ಲ ಮೇಲೆದ್ದಿವೆ, ಮುಂದಿನ ಸಾಲಿನವನ ಕೈಗಡಿಯಾರ ಬಿಸಿಲಿಗೆ ಫಳ್ಳೆಂದಿತು, ಪ್ರತಿ ವರ್ಷವೂ ಹೀಗೇ, ಮ್ಯಾನೇಜರ್ ಡ್ರೆನ್ಕೋವ್ ತಪ್ಪಿತಸ್ಥ ಅನ್ನುವವರು ಕೈ ಎತ್ತಿ ಅಂದರೆ ಸಾಕು — ಒಂಬತ್ತು ವರ್ಷವಾಯಿತು ಮ್ಯಾನೇಜ್ಮೆಂಟ್ ಪಾಠಕ್ಕೆಂದು ಈ ಕೇಸ್ ಸ್ಟಡಿ ಬರೆದು, ಪ್ಲೋವ್ದಿವ್ ಊರಿನ ಹತ್ತಿರದ ಕಾರ್ಖಾನೆ, ಲ್ಯೂತೆನಿತ್ಸಾ ಅನ್ನುವ ಮೆಣಸು-ಟೊಮೆಟೊ ಗೊಜ್ಜಿನ ಬಾಟಲಿಗಳು ಕೆಟ್ಟು ತಿಂದವರು ಆಸ್ಪತ್ರೆ ಸೇರಿದ್ದು, ಮೂರು ದಿನ ತುಟಿ ಬಿಚ್ಚದ ಮ್ಯಾನೇಜರ್ — ಆತನ ಮುಖವನ್ನೂ ಕಂಡಿಲ್ಲ ನಾನು, ಕಾಣಬೇಕಾಗಿಯೂ ಇರಲಿಲ್ಲ, ಪತ್ರಿಕೆ, ವಾರ್ಷಿಕ ವರದಿ, ಹೀಗೆ ಅಚ್ಚಾದದ್ದರಿಂದಲೇ ಕಟ್ಟುವ ಕೇಸಿಗೆ ಯಾರ ಒಪ್ಪಿಗೆಯ ಸಹಿಯೂ ಬೇಡ, ಅದೇ ಅದರ ಸುಖ, ಪ್ರತಿ ಮಾತಿಗೂ ಅಡಿಟಿಪ್ಪಣಿ ಇದ್ದರಾಯಿತು, ಇವೆ, ಮೂವತ್ತೊಂದು, ಮೊದಲ ವಾಕ್ಯವೊಂದಕ್ಕೆ ಮಾತ್ರ ಇಲ್ಲ. ಅದನ್ನು ಹಾಕಿಸಿದವನು ನಮ್ಮ ವಿಭಾಗದ ಮೆತೋದಿ, ಕಾಫಿ ಹೀರುತ್ತ, ಅಯ್ಯೋ ರುಮ್ಯಾನಾ ಮೇಡಂ, ಇಷ್ಟು ಒಣಾ ಒಣಾ ಬರೆದ್ರೆ ಮೂರನೇ ಸಾಲಿಗೇ ಗೊರಕೆ ಹೊಡೀತಾರೆ, ನಿಮ್ಮ ಮ್ಯಾನೇಜರನ್ನ ಒಂದು ಕಿಟಕಿ ಹತ್ರ ನಿಲ್ಲಿಸ್ರಿ, ಎಲ್ಲರೂ ನಿಲ್ಲಿಸ್ತಾರೆ — ನಿಲ್ಲಿಸಿದೆ, ಸ್ಟಾಮೆನ್ ಡ್ರೆನ್ಕೋವ್ ಕಿಟಕಿಯ ಬಳಿ ನಿಂತು, ಲಾರಿಗಳು ಹೊರಡುವುದನ್ನು ನೋಡುತ್ತ, ಸುಮ್ಮನಿದ್ದರಾಯಿತು ಅಂದುಕೊಂಡ, ಎಷ್ಟು ಚೆನ್ನಾಗಿ ಬಂತು ಅಂತ ಅವತ್ತು ಬೀಗಿದ್ದೆನಲ್ಲ.

ಹಿಂದಿನ ಸಾಲಿನಲ್ಲಿ ಒಂದು ಕೈ ಕೆಳಗೇ ಇದೆ, ಅವಳನ್ನೇ ಎಬ್ಬಿಸೋಣ, ಬಾಯಿ ಬಿಡದವರನ್ನು ಪಾತ್ರದೊಳಕ್ಕೆ ತಳ್ಳುವುದು ನಮ್ಮ ಪದ್ಧತಿ, ಏಳಮ್ಮ, ನೀನೇ ಸ್ಟಾಮೆನ್ ಡ್ರೆನ್ಕೋವ್, ಬಾಟಲಿ ಕೆಟ್ಟ ಸುದ್ದಿ ಬಂದ ಮಂಗಳವಾರ ಬೆಳಿಗ್ಗೆ, ಏನ್ ಮಾಡ್ತೀಯ — ಎದ್ದಳು, ನಾನು ಅವರ ಮಗಳು ಮೇಡಂ, ಇಸ್ಕ್ರಾ, ಯಾರೋ ತಮಾಷೆಯೆಂದುಕೊಂಡು ನಕ್ಕರು, ಹಾಜರಿ ಪಟ್ಟಿಯಲ್ಲಿ ಗಂಡನ ಮನೆ ಹೆಸರು, ನನಗೆ ಹೇಗೆ ಗೊತ್ತಾಗಬೇಕು, ಕೈಗಳು ಒಂದೊಂದಾಗಿ ಇಳಿಯುತ್ತಿವೆ — ಆ ಮೂರು ದಿನ ಅಪ್ಪ ನಮ್ಮ ಹಳೇ ಲಾಡಾ ಕಾರಲ್ಲಿ ಅಂಗಡಿ ಅಂಗಡಿ ಅಲೆದು ಬಾಟಲಿ ವಾಪಸ್ ತರ್ತಿದ್ರು, ಮಾಲೀಕರು ಬಾಯಿ ಬಿಟ್ರೆ ನೋಡು ಅಂದಿದ್ರು, ಅದಕ್ಕೇ ಸುಮ್ನೆ ತರ್ತಿದ್ರು, ಪೇಪರ್‌ನೋರು ಬರೀಲಿಲ್ಲ, ನೀವೂ ಬರೀಲಿಲ್ಲ, ಹೋಗ್ಲಿ ಬಿಡಿ, ಆದ್ರೆ ಈ ಕಿಟಕಿ ಯಾವ ಪೇಪರ್‌ನಲ್ಲಿತ್ತು ಮೇಡಂ, ಅಪ್ಪ ಕೇಳ್ತಾನೇ ಇದ್ರು, ನಾನು ನಿಂತಿದ್ದು ಯಾರು ನೋಡಿದ್ರು ಅಂತ, ನಿಮ್ಮದು ತಡವಾಗಿ ಕೈಗೆ ಸಿಕ್ತು, ಓದಿದ ಮೇಲೆ ಮನೇಲಿ ಪರದೆ ಸರಿಸೋಕೇ ಬಿಡ್ಲಿಲ್ಲ, ಎರಡು ವರ್ಷ, ಈ ಮಾರ್ಚ್‌ನಲ್ಲಿ ತೀರಿಕೊಳ್ಳೋವರೆಗೂ, ಅಮ್ಮ ಈಗ್ಲೂ ಸರಿಸಿಲ್ಲ — ಯಾವುದೋ ಸಂದರ್ಶನದಲ್ಲಿತ್ತು ಎನ್ನಬಹುದು, ಪತ್ರಿಕೆ ನೆನಪಿಲ್ಲ ಎನ್ನಬಹುದು, ಯಾರು ಹೋಗಿ ಹುಡುಕುತ್ತಾರೆ, ಬಹುಮಾನ ಬಂದ ಕೇಸು, ಹನ್ನೊಂದು ದೇಶಗಳಲ್ಲಿ ಪಾಠ, ಈ ಹೊತ್ತಿಗೇ ಇನ್ನೆಲ್ಲೋ ಒಂದು ತರಗತಿ ಆ ಮನುಷ್ಯನ ಮೇಲೆ ಕೈ ಎತ್ತುತ್ತಿರಬಹುದು — ಯಾವುದರಲ್ಲೂ ಇರಲಿಲ್ಲಮ್ಮ, ನಾನೇ ಕಟ್ಟಿದ್ದು, ಅಂದುಬಿಟ್ಟೆ, ಎದೆ ಹಗುರಾಗಬೇಕಿತ್ತು, ಆಗುತ್ತಿಲ್ಲ, ಥೂ, ಅವಳು ಕೂರುತ್ತಲೂ ಇಲ್ಲ, ಹಾಗಾದ್ರೆ ಅಮ್ಮನಿಗೆ ಪರದೆ ಸರಿಸು ಅಂತ ಹೇಳ್ಲಾ ಮೇಡಂ, ನೀಲಿಯದೋ ಕಂದು ಬಣ್ಣದ್ದೋ ಆ ಪರದೆ, ನೋಡದೆಯೇ ಮತ್ತೆ ಕಲ್ಪಿಸಿ ಕಟ್ಟುತ್ತಿದ್ದೇನೆ, ನಿಲ್ಲಿಸಲಾಗುತ್ತಿಲ್ಲ, ನಡುಮಧ್ಯಾಹ್ನ, ಅದರ ಎರಡೂ ಅಂಚುಗಳನ್ನು ಒಟ್ಟಿಗೆ ಎಳೆದು ಹಿಡಿದ ಆತನ ಮುಪ್ಪಿನ ಕೈಗಳು, ಬಿಡುತ್ತಿಲ್ಲ, ಪರದೆ, ಆ ಕೈಗಳು