ಕತ್ತರಿಗೆ ಕಟ್ಟಿದ ಕೆಂಪು ದಾರ

ನನ್ನ ಸಲುವಾಗಿ ಯಾರ ಸತ್ತಾರ? — ಬಾಯಿ ಬಿಟ್ಟೇ ಅಂದೆನೇನು, ಪುಣ್ಯಕ್ಕೆ ಓಣಿಯಲ್ಲಿ ಯಾರೂ ಇಲ್ಲ, ಬೆಟಗೇರಿಯ ಎಳೆಬಿಸಿಲಿಗೆ ಚಾಚಿದ ಹಾಸು ಮಾತ್ರ, ಮಗ್ಗಕ್ಕೇರಬೇಕಾದ ಉದ್ದನೂಲು, ಗಂಜಿ ಕುಡಿದು ಬಿಗಿಯುತ್ತಿರುವ ಎಳೆಗಳು, ನಡುವೆ ಎಳೆ ಎಳೆಯನ್ನು ದಾಟುವ ಜಾಗ, ನಮ್ಮ ಮನೆಯಲ್ಲಿ ಅದಕ್ಕೆ ಕತ್ತರಿ ಅನ್ನುವುದು, ಮೇಲಿನದು ಕೆಳಗೆ, ಕೆಳಗಿನದು ಮೇಲೆ, ಆ ದಾಟು ತಪ್ಪಿದರೆ ಯಾವ ಎಳೆಯ ಬೆನ್ನಿಗೆ ಯಾವುದು ಅಂತ ಬ್ರಹ್ಮನಿಗೂ ತಿಳಿಯದು, ಅದಕ್ಕೇ ಅಲ್ಲಿ ನಾನು ಕಟ್ಟಿದ ಕೆಂಪು ದಾರ, ನನ್ನ ಮದುವೆ ಸೀರೆಯ ಸೆರಗಿನಿಂದ ಎಳೆದದ್ದು — ಒಳಗೆ ಇವರು ಹಾಡಿಕೊಳ್ಳುತ್ತಿದ್ದಾರೆ, ಶಿಲುಬೆಯ ಹಾಡು, ಮಗ್ಗದ ಸದ್ದಿಗೆ ತಾಳ ಹೊಂದಿಸಿಕೊಂಡು, ಕಣ್ಣಲ್ಲಿ ನೀರು ಬೇರೆ, ಹೆತ್ತವ್ವ ಸತ್ತ ದಿನವೂ ಬಾರದ ನೀರು. ಖರೆ ಹೇಳಿಬಿಡಲಿ, ನನಗೆ ಹೊಟ್ಟೆ ಉರಿಯುತ್ತದೆ, ಒಂದು ಕಟ್ಟಿಗೆಯ ಮೇಲೆ ಹೊಟ್ಟೆ ಉರಿಯುತ್ತದೆ. ನಿನ್ನೆ ಬಾವಿಯ ಕಟ್ಟೆಯಲ್ಲಿ ಆ ಅಮೃತವ್ವ, ಏನವಾ ಮಲ್ಲವ್ವಾ, ಪಾಂಡಪ್ಪಣ್ಣ ನಿನಗ ಸವತಿ ತಂದಾನಂತಲ್ಲ, ಅದೂ ಕಟಗೀ ಸವತಿ, ಉಣ್ಣಾಕ ಬೇಡಂಗಿಲ್ಲ ಉಡಾಕ ಬೇಡಂಗಿಲ್ಲ, ಪುಣ್ಯಾ ಮಾಡೀ ಬಿಡು — ಎಲ್ಲರೂ ನಕ್ಕರು, ನಾನೂ ನಕ್ಕೆ, ಮನೆ ಮುಟ್ಟುವಷ್ಟರಲ್ಲಿ ಕೊಡದ ನೀರು ತುಳುಕಿ ಸೆರಗೆಲ್ಲ ತೊಯ್ದಿತ್ತು.

ಹೋದ ಮಳೆಗಾಲದಲ್ಲಿ ಸೆರೆ ಕುಡಿದೂ ಕುಡಿದೂ ಹೊಟ್ಟೆ ಊದಿ ಬಿದ್ದಾಗ ಮಿಶನ್ ದವಾಖಾನೆಗೆ ಗಾಡಿಯಲ್ಲಿ ಹಾಕಿಕೊಂಡು ಹೋದವಳು ನಾನು, ತಲೆದೆಸೆಗೆ ಕೂತು ಗಾಳಿ ಬೀಸಿದವಳು ನಾನು, ಕಣ್ಣು ತೆರೆದಾಗ ಇವರಿಗೆ ಕಂಡದ್ದು ಗೋಡೆಯ ಶಿಲುಬೆ. ಅಲ್ಲಿನ ಸಿಸ್ಟರಮ್ಮ ಅಂದಳು, ಪಾಂಡಪ್ಪಾ, ನಿನ್ನ ತಪ್ಪೆಲ್ಲಾ ಆತ ತನ್ನ ಮೈಮ್ಯಾಲ ತಗೊಂಡಾನ, ನಿನಗ ಕ್ಷಮಾ ಆಗೇತಿ — ಇವರ ಕೈಯ ಏಟು ಬಿದ್ದದ್ದು ನನ್ನ ಬೆನ್ನ ಮೇಲೆ, ನನ್ನನ್ನು ಒಂದು ಮಾತು ಕೇಳದೆ ಕ್ಷಮಿಸಲಿಕ್ಕೆ ಅವನ್ಯಾರು? ಅಂದಿನಿಂದ ಇವರು ಸೆರೆ ಮುಟ್ಟಿಲ್ಲ, ಕೈ ಎತ್ತಿಲ್ಲ, ಅದಕ್ಕೆ ನಾನೂ ಕೈ ಮುಗಿಯಬೇಕಲ್ಲ, ಮುಗಿದೆ, ಒಬ್ಬಳೇ ಇದ್ದಾಗ, ಇವರು ಗೋಡೆಗೆ ಹಚ್ಚಿದ ಶಿಲುಬೆಯ ಚಿತ್ರಕ್ಕೆ ಮುಗಿದೆ, ಮುಗಿದ ಕೈ ಉರಿಯಿತು, ವರ್ಷಾನುಗಟ್ಟಲೆ ಒಪ್ಪತ್ತು ಉಂಡು ನಾನು ನಮ್ಮ ದೇವರಲ್ಲಿ ಬೇಡಿದ್ದನ್ನು ಅವನು ಬೇಡಿಸಿಕೊಳ್ಳದೆ ಕೊಟ್ಟುಬಿಟ್ಟನಲ್ಲ. ಅಜ್ಜ ಷಟ್ಪದಿ ಓದುವಾಗ ಕಂಬಕ್ಕೆ ಆತು ಕೇಳಿ ಬೆಳೆದವಳು ನಾನು, ಓದುವವರು ಗಂಡಸರು, ಅಳುವವರು ನಾವು, ಒಬ್ಬರು ಇನ್ನೊಬ್ಬರಿಗಾಗಿ ಪ್ರಾಣ ಬಿಡುವ ಪದ್ಯ ಬಂದರೆ ಅಜ್ಜನ ದನಿ ತಗ್ಗುತ್ತಿತ್ತು, ಉಳಿದುಕೊಂಡವರು ಆಮೇಲೆ ಹೇಗೆ ಬದುಕಿದರೋ ಯಾವ ಪದ್ಯವೂ ಹೇಳುತ್ತಿರಲಿಲ್ಲ, ಹೀಗೇ ಬದುಕುತ್ತಾರೆ, ಹಾಡಿಕೊಂಡು, ಕಣ್ಣೊರೆಸಿಕೊಂಡು. ಮದುವೆಯ ದಿನ ಒಡಪು ಕಟ್ಟಿ ಗಂಡನ ಹೆಸರು ಹೇಳಿದೆ, ಇವರು ನಾಚಿ ಎದ್ದುಹೋದರು, ನನ್ನ ಹೆಸರು ಅವರ ಬಾಯಿಗೆ ಬರಲೇ ಇಲ್ಲ, ಏ ಇಕೀನ, ಅಷ್ಟೇ, ಯೇಸುವಿನ ಹೆಸರು ಮಾತ್ರ ಮುಂಜಾನೆ ಸಂಜೆ ಬೆಲ್ಲದ ಹಾಗೆ ಬಾಯಲ್ಲಿ. ಮೊನ್ನೆ ಕನ್ನಡನಾಡು ಒಂದಾತು ಅಂತ ಊರೆಲ್ಲ ಡೊಳ್ಳು, ಮುಂಬಯಿ ಸೀಮೆಯ ನಾವೂ ಮೈಸೂರಿನವರೂ ಇನ್ನು ಒಂದೇ ಅಂತೆ, ಪೇಢೆ ಹಂಚಿದರು, ಇವರು ಅರ್ಧ ಮುರಿದು ಶಿಲುಬೆಯ ಚಿತ್ರದ ಮುಂದಿಟ್ಟರು, ಇನ್ನರ್ಧ ತಾವೇ ತಿಂದರು.

ಹಾಡು ನಿಂತಿದೆ, ಹೊಸ್ತಿಲಲ್ಲಿ ಇವರು, ಕೈಯಲ್ಲಿ ಹಳೇ ಮಗ್ಗದ ಎರಡು ಕಟ್ಟಿಗೆ ತುಂಡು, ಒಂದರ ಮೇಲೊಂದು ಅಡ್ಡ ಹಿಡಿದು, ನೋಡಿಲ್ಲೆ, ಇದೂ ಕತ್ತರೀನ, ಗೋಜಲಾಗಿದ್ದ ನನ್ನ ಬಾಳಿನ ಎಳಿ ಹಿಡದದ್ದು ಇದು, ಎಷ್ಟ ನೆನೆದರೂ ಸಾಲಂಗಿಲ್ಲ, ಬರೂ ಐತವಾರ ಸ್ನಾನದೀಕ್ಷಾ, ನೀರಾಗ ಮುಳುಗಿ ಯೇಸುವಿನವ ಆಗತೇನಿ, ಅದರಕಿಂತ ಮೊದಲ ಮಗ್ಗದ ಮ್ಯಾಲ ತೂಗಬಿಡತೇನಿ — ತೂಗಬಿಡ್ರಿ, ನನ್ನನ್ಯಾಕೆ ಕೇಳುತ್ತೀರಿ, ಕುಡಿದು ಬಂದು ನೀವು ಕೆಡವಿದ ಹಾಸುಗಳ ಎಳೆ ಎಳೆ ಬಿಡಿಸಿ ಕತ್ತರಿ ಕೂಡಿಸಿದ ಬೆರಳು ಯಾರವು, ಅವಕ್ಕೆ ಯಾವ ಹಾಡೈತಿ — ಅಂದೆನೋ ಇಲ್ಲವೋ, ಇವರು ನನ್ನ ಬೆರಳು ನೋಡುತ್ತಿದ್ದಾರೆ, ಮಲ್ಲವ್ವಾ, ಅಂದರು, ಮಲ್ಲವ್ವಾ ಅಂದರು, ಅಜ್ಜನ ಹಾಗೆ ದನಿ ತಗ್ಗಿಸಿ, ಆ ಕೆಂಪ ದಾರ ಬಿಚ್ಚಿ ಕೊಡು, ಅಲ್ಲೆ ಬ್ಯಾರೇ ದಾರ ಕಟ್ಟು, ಇಷ್ಟ ದಿನ ನನ್ನ ನೂಲ ಕಾದದ್ದು ಅದು, ಈ ಶಿಲುಬೀನೂ ಅದರಲೇ ಬಿಗೀಬೇಕು — ಕೈ ಗಂಟಿನ ತನಕ ಹೋಗಿದೆ, ಮದುವೆ ಸೀರೆಯ ಎಳೆ, ಬಿಚ್ಚಿದರೆ ಬಿಚ್ಚೀತು, ಇದೊಂದನ್ನೂ ಅವನಿಗೇ, ಇದೊಂದನ್ನೂ, ಮೇಲಿನದು ಕೆಳಗೆ, ಕೆಳಗಿನದು ಮೇಲೆ, ನಡುವೆ ಕೆಂಪು, ನಡುವೆ ನನ್ನ ಕೆಂಪು — ಕೊಡಂಗಿಲ್ಲ.